ಕುಂಡ ಬದಲಿಸಿದ ಮೇಲೆ ಸೊರಗಿದ ಮಲ್ಲಿಗೆ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಾಲ್ಕನಿ ಪಶ್ಚಿಮಕ್ಕಿದೆ. ಮಧ್ಯಾಹ್ನ ಎರಡು ಗಂಟೆ ಕಳೆದರೆ ಗ್ರಿಲ್ ಮುಟ್ಟಲಾಗದಷ್ಟು ಬಿಸಿ. ಅಲ್ಲಿದೆ ನನ್ನ ಉಡುಪಿ ಮಲ್ಲಿಗೆ. ನಾಲ್ಕು ವರ್ಷದ ಹಿಂದೆ ತವರಿಂದ ಬರುವಾಗ ಬೇರುಬಿಟ್ಟ ಗೆಲ್ಲೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಕಾಲಬುಡದಲ್ಲಿಟ್ಟುಕೊಂಡು ತಂದದ್ದು.

ಹೋದ ವರ್ಷ ಮೇ ತಿಂಗಳಲ್ಲಿ ಕುಂಡದ ತಳದ ತೂತಿನಿಂದ ಬೇರು ಹೊರಬಂದಿತ್ತು. ಹಾಕಿದ ನೀರೆಲ್ಲ ಮಣ್ಣಲ್ಲಿ ನಿಲ್ಲದೆ ಕೆಳಗೆ ಇಳಿದುಹೋಗುತ್ತಿತ್ತು. 10 ಇಂಚಿನ ಕುಂಡದಿಂದ ತೆಗೆದು ಒಮ್ಮೆಲೇ 16 ಇಂಚಿನದಕ್ಕೆ ಹಾಕಿದೆ, ಎರೆಗೊಬ್ಬರವನ್ನೂ ಧಾರಾಳವಾಗಿ ಬೆರೆಸಿದೆ, ಮತ್ತೆ ಅದೇ ಬಿಸಿಲಲ್ಲಿಟ್ಟೆ. ಮೂರನೇ ದಿನಕ್ಕೆ ಎಲೆಗಳೆಲ್ಲ ಜೋತುಬಿದ್ದವು. ಬಾಯಾರಿದೆ ಎಂದುಕೊಂಡು ಬೆಳಿಗ್ಗೆ ಸಂಜೆ ನೀರು ಸುರಿದೆ. ಗಿಡ ಇನ್ನೂ ಬಾಡಿತು.

ಅಮ್ಮನಿಗೆ ಫೋನ್ ಮಾಡಿದೆ. "ಮಣ್ಣಿಗೆ ಬೆರಳು ಹಾಕಿ ಮೂಸಿ ನೋಡು ಮಾರಾಯ್ತಿ" ಎಂದರು. ಕೊಳೆತ ವಾಸನೆ ಬಂತು. "ನೀರು ಕುಡಿಯುವ ಬಾಯಿಯೇ ಹರಿದುಹೋಗಿದೆ. ನೀನು ಸುರಿದರೆ ಕುಡಿಯುವುದು ಯಾರು?"

ನಿಜವೇ. ನೀರು ಹೀರುವುದು ಬೇರಿನ ತುದಿಯ ಕೂದಲಿನಂಥ ಎಳೆಗಳು. ಕುಂಡ ಬದಲಿಸುವಾಗ ಮೊದಲು ಕಡಿಯುವುದೂ ಅವೇ. ಎಲೆಗಳು ಮಾತ್ರ ಎಂದಿನಂತೆ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ಹಾಗಾಗಿ ಮಣ್ಣು ಒದ್ದೆಯಿದ್ದರೂ ಗಿಡ ಬಾಡುತ್ತದೆ. ಅದರ ಮೇಲೆ ನೀರು ನಿಂತರೆ ಮಣ್ಣಲ್ಲಿ ಗಾಳಿಯಾಡದೆ ಉಳಿದ ಬೇರೂ ಕೊಳೆಯುತ್ತದೆ. ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣೇ ಹೆಚ್ಚು, ಅದು ಬೇಗ ಆರುವುದೇ ಇಲ್ಲ.

ಅಂದೇ ಗಿಡ ಹೊರತೆಗೆದೆ. ಹಿಸುಕಿದರೆ ಸಿಪ್ಪೆ ಕಳಚುವ ಕಪ್ಪು ಬೇರುಗಳನ್ನು ಕತ್ತರಿಸಿ, ಬೆಳ್ಳಗೆ ಗಟ್ಟಿಯಾಗಿದ್ದವನ್ನು ಉಳಿಸಿ, 12 ಇಂಚಿನ ಮಣ್ಣಿನ ಕುಂಡಕ್ಕೆ ಹಾಕಿದೆ. ಅರ್ಧ ಮಣ್ಣು, ಉಳಿದರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ದಪ್ಪ ಮರಳು. ಗೊಬ್ಬರ ಒಂದು ಚಿಟಿಕೆಯೂ ಇಲ್ಲ. ಗೆಲ್ಲುಗಳನ್ನು ಮೂರರಲ್ಲಿ ಒಂದು ಪಾಲು ಸವರಿದೆ. ಮೊಗ್ಗುಗಳನ್ನು ಒಂದೊಂದಾಗಿ ಚಿವುಟುವಾಗ ಕೈ ಬರಲಿಲ್ಲ, ಆದರೆ ಹೂ ಬಿಡುವ ಶಕ್ತಿ ಅದಕ್ಕೆ ಆಗ ಇರಲಿಲ್ಲ. ತಳದಿಂದ ಹರಿಯುವಷ್ಟು ಒಮ್ಮೆ ನೀರು ಕೊಟ್ಟು, ಮಲಗುವ ಕೋಣೆಯ ಪೂರ್ವದ ಕಿಟಕಿಯ ಬಳಿ, ನೇರ ಬಿಸಿಲು ಬೀಳದಲ್ಲಿ ಇಟ್ಟೆ. ಪುಣೆಯಲ್ಲಿರುವ ತಂಗಿ ಇಂಥ ಗಿಡಕ್ಕೆ ಪ್ಲಾಸ್ಟಿಕ್ ಚೀಲದ ಮುಸುಕು ಹಾಕುತ್ತಾಳೆ, ಅಲ್ಲಿಯ ಬೇಸಿಗೆ ಒಣ. ನಮ್ಮಲ್ಲಿ ಗಾಳಿಯೇ ಬೆವರುವಾಗ ಅದು ಬೇಕೆನಿಸಲಿಲ್ಲ.

ಆಮೇಲೆ ನೀರಿನ ಲೆಕ್ಕವನ್ನು ಹಿಡಿಸೂಡಿ (ಪೊರಕೆ) ಕಡ್ಡಿಗೆ ಬಿಟ್ಟೆ. ಮಣ್ಣಲ್ಲಿ ಒಂದು ಗೇಣು ಚುಚ್ಚಿ ಎಳೆದರೆ, ಮಣ್ಣು ಅಂಟಿ ಬಂದರೆ ನೀರು ಬೇಡ, ಒಣಗಿ ಬಂದರೆ ಬೇಕು. ಕೆಲವೊಮ್ಮೆ ಐದು ದಿನ ನೀರೇ ಕೊಡಲಿಲ್ಲ.

ಎಲೆಗಳು ಒಂದೂ ಉಳಿಯದೆ ಉದುರಿದವು. ಮನೆಯವರು "ಬಿಟ್ಟುಬಿಡು, ಇನ್ನೊಂದು ತರೋಣ" ಎಂದರು. ನಾನು ಗೆಲ್ಲಿನ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪವೇ ಕೆರೆದೆ. ತುದಿಯಲ್ಲಿ ಕಂದು, ಒಣ ಕಡ್ಡಿ. ಎರಡು ಗೆಣ್ಣು ಕೆಳಗೆ ಕೆರೆದರೆ ಹಸಿ ಹಸಿರು, ಬೆರಳಿಗೆ ತಂಪು ತಾಗಿತು. ಒಣಗಿದ್ದಷ್ಟನ್ನು ಕತ್ತರಿಸಿ ಕಾದೆ. 23ನೇ ದಿನ ಒಂದು ಗೆಣ್ಣಿನ ಬದಿಯಲ್ಲಿ ಸಾಸಿವೆಗಿಂತ ಸಣ್ಣ ಚಿಗುರು ಕಂಡಿತು.

ಚಿಗುರು ಎಲೆಯಾದ ಮೇಲೆ ದಿನಕ್ಕೆ ಒಂದು ಗಂಟೆ ಬೆಳಗಿನ ಬಿಸಿಲು, ಆಮೇಲೆ ಎರಡು. ಮಳೆ ಹಿಡಿದಾಗ ಶೀಟಿನ ಅಡಿಗೆ ಸರಿಸಿದೆ. ಗೊಬ್ಬರ ಕೊಟ್ಟದ್ದು ಜುಲೈ ಕೊನೆಗೆ, ಅದೂ ಒಂದು ಹಿಡಿ. ಈ ಬೇಸಿಗೆಯಲ್ಲಿ ಮುಡಿಯುವಷ್ಟು ಹೂ ಬಿಟ್ಟಿತು.

ಈಗ ಮೇ ತಿಂಗಳಲ್ಲಿ ಯಾವ ಗಿಡವನ್ನೂ ಕದಲಿಸುವುದಿಲ್ಲ. ಮಳೆ ಕೂತ ಮೇಲೆ, ಮೋಡದ ದಿನ ಸಂಜೆ, ಹಳೆಯದಕ್ಕಿಂತ 2 ಇಂಚು ದೊಡ್ಡ ಕುಂಡಕ್ಕೆ ಮಾತ್ರ. ಇಲ್ಲಿನ ನರ್ಸರಿಯ ದಾಸವಾಳ ಬೇರಿನ ಸುತ್ತ ಜಿಗುಟು ಕೆಂಪುಮಣ್ಣಿನ ಮುದ್ದೆಯೊಂದಿಗೆ ಬರುತ್ತದೆ. ಅದನ್ನು ಹಾಗೇ ನೆಟ್ಟರೆ ಬೇರು ಮುದ್ದೆ ಬಿಟ್ಟು ಹೊರಗೆ ಬರುವುದಿಲ್ಲ. ಬಕೆಟ್ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸುತ್ತೇನೆ. ಹೋದ ವಾರ ಹಾಗೆ ನೆಟ್ಟ ಒಂದು ದಾಸವಾಳ ಈಗ ತಲೆ ಬಾಗಿಸಿ ನಿಂತಿದೆ. ಕಡ್ಡಿಗೆ ಇನ್ನೂ ಮಣ್ಣು ಅಂಟುತ್ತಿದೆ, ಇವತ್ತೂ ನೀರು ಹಾಕಲಿಲ್ಲ.