ಮಲ್ಪೆಯ ಅಂಗಳದಲ್ಲಿ ಆರ್‌ಎಕ್ಸ್ 100ರ ಕಪ್ಪು ಬಣ್ಣ ತೆಗೆದದ್ದು

ಬೈಕ್ ತಂದದ್ದು ಮೂಡುಬಿದಿರೆ ಕಡೆಯಿಂದ. 1994ರ ಯಮಾಹಾ ಆರ್‌ಎಕ್ಸ್ 100, ಕೆಎ 19 ನಂಬರು. ಸ್ಟಾರ್ಟ್ ಮಾಡಿ ಸದ್ದು ಕೇಳಿದ ಕೂಡಲೇ ಮನಸ್ಸು ಸೋತಿತು, ಬಣ್ಣ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಯಾರೋ ಸ್ಪ್ರೇ ಕ್ಯಾನ್ ಹಿಡಿದುಕೊಂಡು ಇಡೀ ಬೈಕಿಗೆ ಮ್ಯಾಟ್ ಕಪ್ಪು ಹೊಡೆದಿದ್ದರು. ಟ್ಯಾಂಕು, ಸೈಡ್ ಪ್ಯಾನೆಲ್ ಮಾತ್ರ ಅಲ್ಲ, ಕ್ರೋಮ್ ಮಡ್‌ಗಾರ್ಡಿಗೂ ಬಿದ್ದಿತ್ತು, ಕ್ಲಚ್ ಕೇಬಲ್ಲಿಗೂ ಬಿದ್ದಿತ್ತು, ಸೀಟಿನ ಅಂಚಿಗೂ. ಟ್ಯಾಂಕಿನ ಎಡಬದಿಯಲ್ಲಿ ಬಣ್ಣ ಇಳಿದು, ಮೇಣದ ಬತ್ತಿ ಕರಗಿ ನಿಂತ ಹಾಗೆ ಹನಿಹನಿಯಾಗಿ ಗಟ್ಟಿಯಾಗಿತ್ತು. ಆರ್‌ಸಿಯಲ್ಲಿ ಬಣ್ಣ ಕೆಂಪು ಅಂತ ಉಂಟು. ಬೈಕ್ ಮಾತ್ರ ಕಪ್ಪು.

ಈ ಗಾಡಿ ನಮ್ಮಲ್ಲಿ ತಯಾರಾದದ್ದು 1985ರಿಂದ 1996ರವರೆಗೆ ಅಷ್ಟೇ. ಹಾಗಾಗಿ ಫ್ಯಾಕ್ಟರಿಯಲ್ಲಿ ಹೊಡೆದ ಬಣ್ಣ ಇನ್ನೂ ಇರುವ ಟ್ಯಾಂಕ್ ಸಿಗುವುದು ಕಷ್ಟ. ಅದು ಒಮ್ಮೆ ಹೋದರೆ ಹೋಯಿತು, ಯಾವ ಪೇಂಟರ್ ಹತ್ತಿರವೂ ವಾಪಸ್ ಸಿಗುವುದಿಲ್ಲ. ಇದು ನನಗೆ ಆಗ ತಲೆಗೆ ಹೋಗಿರಲಿಲ್ಲ. ಗ್ಯಾರೇಜಿನವರು "ರಿಮೂವರ್ ಹಾಕಿ ತಗಡು ಕಾಣುವವರೆಗೆ ತೆಗೆಯಿರಿ, ಮತ್ತೆ ಹೊಸತು ಹೊಡೆಯುವ" ಎಂದರು. ನಾನೂ ಒಂದು ಡಬ್ಬ ಪೇಂಟ್ ರಿಮೂವರ್ ತಂದು ಇಟ್ಟಾಗಿತ್ತು.

ತಡೆದದ್ದು ನನ್ನ ಮಾವ. ಅವರು ಮಲ್ಪೆ ಬಂದರಿನಲ್ಲಿ ಬೋಟುಗಳಿಗೆ ಪೇಂಟ್ ಮಾಡುವವರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ ಅಲ್ವಾ, ಆಗ ಬೋಟುಗಳನ್ನು ಮೇಲೆ ಎಳೆದು ಕೆರೆದು ಬಣ್ಣ ಹೊಡೆಯುವ ಕೆಲಸದಲ್ಲೇ ಅವರ ಅರ್ಧ ಆಯುಷ್ಯ ಕಳೆದಿದೆ. ಬೈಕ್ ಸುತ್ತ ಒಂದು ಸುತ್ತು ಬಂದು, ಟ್ಯಾಂಕಿನ ಮೇಲೆ ಉಗುರಲ್ಲಿ ಗೀರಿ, "ಅಡಿಯಲ್ಲಿ ಎಂತ ಉಂಟು ಅಂತ ನೋಡದೆ ಕೆರೆಯಬೇಡ ಮಗಾ" ಎಂದರು. ಈ ಒಂದು ಮಾತೇ ಟ್ಯಾಂಕನ್ನು ಉಳಿಸಿತು.

ನೋಡುವುದು ಹೇಗೆ ಅಂದರೆ ತುಂಬಾ ಸುಲಭ. ಬಿಳಿ ಹತ್ತಿ ಬಟ್ಟೆಗೆ ಸ್ವಲ್ಪ ಎನ್‌ಸಿ ಥಿನ್ನರ್ (ಬಣ್ಣ ಕರಗಿಸುವ ದ್ರವ) ಹಾಕಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಎಂಟು ಹತ್ತು ಸಲ ಉಜ್ಜಬೇಕು. ಸ್ಪ್ರೇ ಕ್ಯಾನಿನ ಬಣ್ಣ ಸುಮ್ನೆ ಒಣಗಿ ನಿಂತಿರುತ್ತದೆ ಅಷ್ಟೇ, ಥಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ಗಟ್ಟಿಯಾಗಲು ಹಾರ್ಡ್‌ನರ್ ಕಲಸಿ ಹೊಡೆದ ಪಿಯು (ಪಾಲಿಯುರೆಥೇನ್) ಪೇಂಟ್ ಹಾಗೆ ಕರಗುವುದಿಲ್ಲ. ಫ್ಯಾಕ್ಟರಿಯಲ್ಲಿ ಹೊಡೆದು ಒಲೆಯಲ್ಲಿ ಬೇಯಿಸಿದ ಬಣ್ಣವೂ ಬೇಗ ಕರಗುವುದಿಲ್ಲ. ಅಂದರೆ ಒಳ್ಳೆಯ ಬಣ್ಣದ ಮೇಲೆ ಕೆಟ್ಟ ಸ್ಪ್ರೇ ಬಣ್ಣ ಕೂತಿದ್ದರೆ, ಮೇಲಿನದನ್ನು ಮಾತ್ರ ತೆಗೆದು ಅಡಿಯದ್ದನ್ನು ಉಳಿಸಬಹುದು.

ಟ್ಯಾಂಕಿನ ಹಿಂಬದಿ, ಸೀಟಿನ ಮೂತಿ ಮುಚ್ಚುವ ಜಾಗದಲ್ಲಿ ಉಜ್ಜಿದೆ. ಬಟ್ಟೆ ಕಪ್ಪಾಯಿತು. ಇನ್ನೊಂದು ಬಟ್ಟೆ ತಗೊಂಡೆ, ಅದೂ ಕಪ್ಪು. ಮೂರನೇ ಬಟ್ಟೆಯಲ್ಲಿ ಕಪ್ಪು ಕಡಿಮೆಯಾಗಿ, ಅಡಿಯಿಂದ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಎದ್ದು ಬಂತು. ಹೊಳಪು ಸ್ವಲ್ಪವೂ ಕುಂದಿರಲಿಲ್ಲ. ನಾನು ರಿಮೂವರ್ ಡಬ್ಬವನ್ನು ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟುಬಿಟ್ಟೆ.

ಕೆಲಸ ಶುರು ಮಾಡುವ ಮೊದಲು ಟ್ಯಾಂಕ್ ಬಿಚ್ಚಿದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಪೆಟ್ರೋಲ್ ಖಾಲಿ ಮಾಡಿದ ಟ್ಯಾಂಕಿನಿಂದ ಅಪಾಯ ಜಾಸ್ತಿ, ಯಾಕೆಂದರೆ ಅದರೊಳಗೆ ಆವಿ ಮತ್ತು ಗಾಳಿ ಸೇರಿಕೊಂಡು ಕೂತಿರುತ್ತದೆ. ಹತ್ತಿರ ಗ್ರೈಂಡರ್, ಹೀಟ್ ಗನ್, ಬೀಡಿ, ಯಾವುದೂ ಬೇಡ. ನಾನು ಟ್ಯಾಂಕಿನಡಿಯ ಪೆಟ್ರೋಲ್ ಕಾಕ್ ಬಿಚ್ಚಿ, ಮುಚ್ಚಳ ತೆಗೆದು ಅಂಗಳದ ನೆರಳಲ್ಲಿ ನಾಲ್ಕು ದಿನ ತಲೆಕೆಳಗೆ ಇಟ್ಟೆ, ಮತ್ತೆ ಎರಡೂ ತೂತಿಗೆ ಬಟ್ಟೆ ಬಿರಡೆ ಹಾಕಿದೆ. ಥಿನ್ನರಿಗೂ ಬೆಂಕಿ ಬೇಗ ಹಿಡಿಯುತ್ತದೆ. ಹಾಗಾಗಿ ಎಲ್ಲ ಕೆಲಸ ಅಂಗಳದಲ್ಲೇ, ಜಗಲಿ ಮೇಲೂ ಅಲ್ಲ. ಒದ್ದೆ ಬಟ್ಟೆಗಳನ್ನು ರಾಶಿ ಹಾಕದೆ ಹಗ್ಗದ ಮೇಲೆ ಬಿಡಿಬಿಡಿಯಾಗಿ ಹರಡುತ್ತಿದ್ದೆ.

ಕೈ ಓಡುವ ಲೆಕ್ಕ ಹೀಗಿತ್ತು: ಅಂಗೈ ಅಗಲದ ಜಾಗ ಒಂದು ಸಲಕ್ಕೆ, ಬಟ್ಟೆ ಒದ್ದೆ ಆದರೆ ಸಾಕು, ಥಿನ್ನರ್ ಸುರಿಯಬಾರದು. ಒಂದೇ ದಿಕ್ಕಿಗೆ ಒರೆಸಬೇಕು. ಗೋಲವಾಗಿ ಉಜ್ಜಿದರೆ ಕರಗಿದ ಕಪ್ಪು ಮತ್ತೆ ಕೆಂಪಿನ ಮೇಲೆಯೇ ಮೆತ್ತಿಕೊಳ್ಳುತ್ತದೆ, ಮೊದಲ ಅರ್ಧ ಗಂಟೆ ನಾನು ಅದನ್ನೇ ಮಾಡುತ್ತಿದ್ದೆ. ಬಟ್ಟೆಯ ಮಗ್ಗುಲು ಬದಲಿಸುತ್ತಾ ಇರಬೇಕು. ಕೆಂಪು ಕಂಡ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ ಮುಂದೆ ಹೋಗಬೇಕು. ಅಲ್ಲೇ ನೆನೆಸಿಟ್ಟರೆ ಹಳೆಯ ಬಣ್ಣವೂ ಮೆತ್ತಗಾಗುತ್ತದೆ. ಇಳಿದು ಗಟ್ಟಿಯಾದ ಹನಿಗಳಿಗೆ ಮಾವ ಅವರದೇ ಸ್ಕ್ರೇಪರ್ ಕೊಟ್ಟರು. ಅದರ ಎರಡು ಮೂಲೆಗಳನ್ನೂ ಅರದಲ್ಲಿ ತಿಕ್ಕಿ ಉರುಟು ಮಾಡಿಟ್ಟಿದ್ದರು, ಮೂಲೆ ಚೂಪಾಗಿದ್ದರೆ ಮರವೋ ತಗಡೋ, ಗೀರು ಬಿದ್ದೇ ಬೀಳುತ್ತದಂತೆ.

ಎರಡು ಭಾನುವಾರ ಬೇಕಾಯಿತು. ಎರಡನೇ ಭಾನುವಾರ ಸಂಜೆ, ಟ್ಯಾಂಕಿನ ಬಲಬದಿ ಒರೆಸುವಾಗ ಕೆಂಪಿನೊಳಗೆ ಇನ್ನೊಂದು ಕೆಂಪು ಕಂಡಿತು. ಮೊದಲು ಕಲೆ ಅಂದುಕೊಂಡೆ. ತಲೆ ಓರೆ ಮಾಡಿ ನೋಡಿದರೆ ಅಕ್ಷರಗಳು. ಕಪ್ಪು ಹೊಡೆಯುವ ಮೊದಲು ಹಳೆಯ ಸ್ಟಿಕ್ಕರ್ ಕಿತ್ತಿದ್ದರು, ಆದರೆ ಅಷ್ಟು ವರ್ಷ ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿ, ಸ್ಟಿಕ್ಕರಿನ ಅಡಿಯದ್ದು ಮಾತ್ರ ಮಾಸದೆ ಗಾಢವಾಗಿ ಉಳಿದಿತ್ತು. ಯಮಾಹಾ ಎಂಬ ಹೆಸರು ಪೂರ್ತಿ ಓದಬಹುದು. ಅದರ ಮೇಲೆ ಹೊಸ ಸ್ಟಿಕ್ಕರ್ ಹಾಕುವುದಿಲ್ಲ ಅಂತ ಅಲ್ಲೇ ನಿರ್ಧಾರ ಮಾಡಿದೆ.

ಎಲ್ಲ ಕಡೆ ಇಷ್ಟು ಚೆನ್ನಾಗಿರಲಿಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಟ್ಯಾಂಕಿನ ಮೇಲೆ ಎಳೆದು ನೋಡಿದೆ. ಎಡಬದಿಯ ಮಂಡಿ ತಾಗುವ ಜಾಗದಲ್ಲಿ ಅದು ಹಿಡಿಯದೆ ಜಾರಿತು. ಅಂಗೈಯಷ್ಟು ಜಾಗ ಪೂರ್ತಿ ಪುಟ್ಟಿ, ಅಂದರೆ ತಗ್ಗು ಮುಚ್ಚಲು ಮೆತ್ತುವ ಪೇಸ್ಟು. ಮುಚ್ಚಳದ ಸುತ್ತಲೂ ಬಣ್ಣ ಗುಳ್ಳೆ ಎದ್ದಿತ್ತು. ಪುಟ್ಟಿ ನೀರು ಹೀರುತ್ತದೆ. ಅದರ ಮೇಲೆ ಸರಿಯಾದ ಬಣ್ಣ ಇಲ್ಲದಿದ್ದರೆ ನಮ್ಮ ಮಳೆಗಾಲದ ನಾಲ್ಕು ತಿಂಗಳು ಸಾಕು, ಒಳಗಿನ ತಗಡು ತುಕ್ಕು ಹಿಡಿಯುತ್ತದೆ. ಈ ಎರಡು ಜಾಗಕ್ಕೆ ಮಾತ್ರ ರಿಮೂವರ್ ಕೆಳಗಿಳಿಸಿದೆ.

ಹಳೆಯ ರಿಮೂವರುಗಳಲ್ಲಿ ಹೆಚ್ಚಾಗಿ ಡೈಕ್ಲೋರೋಮೀಥೇನ್ ಎಂಬ ರಾಸಾಯನಿಕ ಇರುತ್ತದೆ. ಅದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ. ಬಟ್ಟೆಯ ಮಾಸ್ಕ್ ಅದಕ್ಕೆ ಏನೂ ಸಾಲದು, ತೆಳು ರಬ್ಬರ್ ಗ್ಲೌಸಿನೊಳಗೂ ನುಗ್ಗುತ್ತದೆ. ದಪ್ಪ ಗ್ಲೌಸು, ಕನ್ನಡಕ, ಉದ್ದ ಕೈಯ ಅಂಗಿ, ಗಾಳಿ ಬೆನ್ನ ಹಿಂದಿನಿಂದ ಬರುವ ಹಾಗೆ ನಿಲ್ಲುವುದು, ಇಷ್ಟು ಮಾಡಿದೆ. ಸುತ್ತಲಿನ ಒಳ್ಳೆಯ ಕೆಂಪಿಗೆ ಎರಡು ಸುತ್ತು ಟೇಪ್, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ಟೇಪಿನ ಅಂಚಿಗೆ ಒಂದು ಬೆರಳು ಜಾಗ ಬಿಟ್ಟು ರಿಮೂವರನ್ನು ದಪ್ಪಕ್ಕೆ ಬಳಿದು, ಒಣಗದ ಹಾಗೆ ಪಾಲಿಥೀನ್ ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟೆ. ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಉಬ್ಬಿಕೊಂಡಿತು. ಸ್ಕ್ರೇಪರ್ ತಾಗಿಸಿದರೆ ಪದರ ಪದರವಾಗಿ ಎದ್ದು ಬಂತು: ಕಪ್ಪು, ಬೂದು ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ಪದರ), ಹಳದಿ ಪುಟ್ಟಿ, ಕೊನೆಗೆ ಒಂದು ತಗ್ಗು, ಅದರೊಳಗೆ ಕಂದು ತುಕ್ಕು. ಪುಣ್ಯಕ್ಕೆ ತೂತು ಬಿದ್ದಿರಲಿಲ್ಲ.

ಇದೇ ದಿನ ಒಂದು ತಪ್ಪು ಮಾಡಿದೆ. ಬಲಬದಿಯ ಸೈಡ್ ಪ್ಯಾನೆಲ್ ಅಲ್ಲೇ ಗೋಣಿಯ ಮೇಲೆ ಇತ್ತು, ಬ್ರಷಿನಿಂದ ನಾಲ್ಕು ಹನಿ ರಿಮೂವರ್ ಅದರ ಮೇಲೆ ಬಿತ್ತು, ನನಗೆ ಗೊತ್ತಾಗಲಿಲ್ಲ. ಆರ್‌ಎಕ್ಸಿನ ಸೈಡ್ ಪ್ಯಾನೆಲ್ ಪ್ಲಾಸ್ಟಿಕ್ಕಿನದು. ಎತ್ತಿಡಲು ಹಿಡಿದರೆ ಹೆಬ್ಬೆರಳು ಒಳಗೆ ಇಳಿಯಿತು, ಬೆರಳಚ್ಚು ಗೆರೆ ಸಮೇತ ಅಲ್ಲಿ ಮೂಡಿತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ, ಯಾಕೆಂದರೆ ಒರಿಜಿನಲ್ ಪ್ಯಾನೆಲ್ ಅದು. ಮೂರು ದಿನ ಮುಟ್ಟದೆ ಬಿಟ್ಟು, ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ಕಿಗೆ ಹಾಕುವ ಪುಟ್ಟಿ ತುಂಬಿ ಸಮ ಮಾಡಿದೆ. ದಯವಿಟ್ಟು ಪ್ಲಾಸ್ಟಿಕ್ಕಿಗೆ ರಿಮೂವರ್ ಬೇಡ, ಥಿನ್ನರೂ ಬೇಡ. ಎಡಬದಿಯದನ್ನು 400 ನಂಬರ್ ವಾಟರ್ ಪೇಪರ್ (ನೀರಲ್ಲಿ ಅದ್ದಿ ಉಜ್ಜುವ ಮರಳು ಕಾಗದ), ಸೋಪು ನೀರು ಇಟ್ಟುಕೊಂಡು ಎರಡು ಗಂಟೆ ಉಜ್ಜಿಯೇ ತೆಗೆದೆ. ಕೈ ನೋಯುತ್ತದೆ, ಆದರೆ ಪ್ಯಾನೆಲ್ ಉಳಿಯುತ್ತದೆ.

ಕ್ರೋಮ್ ಮಡ್‌ಗಾರ್ಡ್ ಮಾತ್ರ ಬೇಗ ಮುಗಿಯಿತು. ಕ್ರೋಮಿನ ಮೇಲೆ ಬಣ್ಣಕ್ಕೆ ಹಿಡಿತವೇ ಇರುವುದಿಲ್ಲ, ಥಿನ್ನರ್ ಬಟ್ಟೆಗೆ ಸಿಪ್ಪೆಯ ಹಾಗೆ ಬಂತು. ಅಲ್ಲಲ್ಲಿ ಇದ್ದ ತುಕ್ಕಿನ ಚುಕ್ಕಿಗಳಿಗೆ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಲ್ಲಿ ಅದ್ದಿ ಉಜ್ಜಿದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಹಾಗಾಗಿ ಗೀರು ಬೀಳುವುದಿಲ್ಲ.

ಚಾಸಿಸ್ ನಂಬರ್ ಬಗ್ಗೆ ಎಷ್ಟೋ ಜನ ಯೋಚಿಸುವುದೇ ಇಲ್ಲ. ಹ್ಯಾಂಡಲ್ ಕೆಳಗೆ ಸ್ಟಿಯರಿಂಗ್ ಹೆಡ್ ಮೇಲೆ ಕೊರೆದ ಅಂಕಿಗಳ ಒಳಗೆ ಕಪ್ಪು ತುಂಬಿ ಹೋಗಿತ್ತು. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ (ಅಂಕಿಗಳ ಮೇಲೆ ಕಾಗದ ಇಟ್ಟು ಪೆನ್ಸಿಲಲ್ಲಿ ತಿಕ್ಕಿ ತೆಗೆದ ಅಚ್ಚು) ಬೇಕಾಗುತ್ತದೆ. ಅಲ್ಲಿ ವಾಟರ್ ಪೇಪರ್ ಹಾಕಿ ಉಜ್ಜಲೇಬಾರದು, ಅಂಕಿ ಸವೆದರೆ ನಂಬರ್ ತಿದ್ದಿದ್ದಾರೆ ಎಂಬ ಸಂಶಯ ಬರುತ್ತದೆ. ಹಳೆಯ ಟೂತ್ ಬ್ರಷ್ಷಿಗೆ ಥಿನ್ನರ್ ಹಾಕಿ ಮೆಲ್ಲ ತೊಳೆದೆ, ಒಂದೊಂದೇ ಅಂಕಿ ಎದ್ದು ಬಂತು.

ತಗಡು ಕಂಡ ಜಾಗಕ್ಕೆ ಕಾಯಲು ಸಮಯವೇ ಇಲ್ಲ. ನಮ್ಮ ಮನೆಯಿಂದ ಸಮುದ್ರ ದೂರ ಇಲ್ಲ, ಬರಿ ತಗಡು ರಾತ್ರಿ ಹೊರಗಿದ್ದರೆ ಬೆಳಿಗ್ಗೆಗೆ ಕಿತ್ತಳೆ ಬಣ್ಣ. ಆದರೆ ಪ್ರೈಮರ್ ಹೊಡೆಯುವ ಅವಸರದಲ್ಲಿ ಸಿಹಿನೀರಲ್ಲಿ ತೊಳೆಯುವುದನ್ನು ಬಿಡಬೇಡ ಅಂತ ಮಾವ ಮೂರು ಸಲ ಹೇಳಿದರು. ಉಪ್ಪಿನ ಅಂಶ ತಗಡಿನ ಮೇಲೆ ಉಳಿದರೆ ಅದು ಬಣ್ಣದ ಅಡಿಯಿಂದಲೇ ನೀರನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ, ಬೋಟಿನಲ್ಲಿ ಅವರು ಇದನ್ನು ನೋಡಿ ನೋಡಿ ಕಲಿತದ್ದು. ತುಕ್ಕನ್ನು 180ರ ಪೇಪರಲ್ಲಿ ತೆಗೆದು, ಬಾವಿ ನೀರಲ್ಲಿ ಚೆನ್ನಾಗಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಮಧ್ಯಾಹ್ನ ಮೂರು ಗಂಟೆಯೊಳಗೆ ಎಪಾಕ್ಸಿ ಪ್ರೈಮರ್ ಹೊಡೆದೆ. ಎಪಾಕ್ಸಿ ಯಾಕೆಂದರೆ ಅದು ತೇವವನ್ನು ತಡೆಯುತ್ತದೆ, ಸಾಮಾನ್ಯ ಬೂದು ಪ್ರೈಮರ್ ಅಷ್ಟು ತಡೆಯುವುದಿಲ್ಲ. ಇದೆಲ್ಲ ಜನವರಿಯಲ್ಲಿ ಮಾಡಿದ್ದು. ಜೂನ್‌ನಲ್ಲಿ ಆಗಿದ್ದರೆ ನಾನು ಕೈ ಹಾಕುತ್ತಲೇ ಇರಲಿಲ್ಲ.

ಉಳಿದ ಹಳೆಯ ಕೆಂಪಿಗೆ 2000 ನಂಬರ್ ಪೇಪರ್ ಒಂದು ಸಲ ಹಗುರವಾಗಿ, ಮತ್ತೆ ಹೊಳಪು ತರುವ ಪೇಸ್ಟು, ರಬ್ಬಿಂಗ್ ಕಾಂಪೌಂಡ್. ಉಜ್ಜಿದ ಬಟ್ಟೆ ಕೆಂಪಾಯಿತು, ಅಂದರೆ ಮೇಲೆ ಕ್ಲಿಯರ್ ಕೋಟ್ (ಬಣ್ಣ ಕಾಯುವ ಪಾರದರ್ಶಕ ಪದರ) ಇಲ್ಲ, ಪ್ರತಿ ಉಜ್ಜಿಗೂ ಬಣ್ಣವೇ ಸವೆಯುತ್ತಿದೆ. ಅಂಚುಗಳಲ್ಲಿ ಬಣ್ಣ ತೆಳು, ಅಲ್ಲಿ ಬೆರಳ ತುದಿಯಲ್ಲಿ ಮಾತ್ರ. ಅಕ್ಷರಗಳಿದ್ದ ಜಾಗಕ್ಕೆ ಕಾಂಪೌಂಡ್ ತಾಗಿಸಲಿಲ್ಲ, ಬರೀ ವ್ಯಾಕ್ಸ್.

ಎಡಬದಿಯ ತಗ್ಗನ್ನು ತುಂಬಿ, ಆ ಜಾಗಕ್ಕೂ ಮುಚ್ಚಳದ ಸುತ್ತಕ್ಕೂ ಎರಡು ಪ್ಯಾನೆಲ್‌ಗಳಿಗೂ ಬಣ್ಣ ಹೊಡೆಸಲು ಉಡುಪಿಯ ಒಬ್ಬರು ಪೇಂಟರ್ ಹತ್ತಿರ ಕೊಟ್ಟೆ. ಅವರು ಕೇಳಿದ ಮೊದಲ ಪ್ರಶ್ನೆ, "ಯಾವ ಕೆಂಪು ಬೇಕು?" ಸೀಟಿನ ಅಡಿಯಲ್ಲಿ ಬಿಸಿಲು ಕಾಣದೆ ಉಳಿದದ್ದು ಒಂದು, ಟ್ಯಾಂಕಿನ ಮೇಲೆ ಕಪ್ಪು ಬೀಳುವ ಮೊದಲು ಬಿಸಿಲಿಗೆ ಮಾಸಿದ್ದು ಇನ್ನೊಂದು. ನಾನು ಮಾಸಿದ್ದನ್ನೇ ತೋರಿಸಿದೆ. ಅವರು ನಾಲ್ಕು ಸಲ ಕಲಸಿ, ಪ್ರತಿ ಸಲ ರಟ್ಟಿನ ತುಂಡಿಗೆ ಹೊಡೆದು ಒಣಗಿಸಿ, ಹೊರಗೆ ಬಿಸಿಲಿಗೆ ತಂದು ಟ್ಯಾಂಕಿನ ಪಕ್ಕ ಹಿಡಿದು ನೋಡಿದರು. ನಾಲ್ಕನೆಯದು ಕೂತಿತು. ಅವರ ಕೂಲಿ, ಬಣ್ಣ, ಥಿನ್ನರ್, ಪೇಪರ್ ಎಲ್ಲ ಸೇರಿ ನನಗೆ 4,000 ರೂಪಾಯಿಯ ಒಳಗೆ ಮುಗಿಯಿತು.

ಈಗ ಬೈಕ್ ಆರ್‌ಸಿಯಲ್ಲಿ ಇರುವ ಬಣ್ಣದ್ದೇ. ಹಿಂದಿನ ಮಡ್‌ಗಾರ್ಡಿನ ಒಳಮೈಯಲ್ಲಿ ಇನ್ನೂ ಕಪ್ಪು ಉಂಟು. ಚಕ್ರ ಬಿಚ್ಚದೆ ಅಲ್ಲಿಗೆ ಕೈ ಹೋಗುವುದಿಲ್ಲ, ಮುಂದಿನ ತಿಂಗಳು ಟೈರ್ ಬದಲಿಸುವಾಗ ಅದನ್ನೂ ತೆಗೆಯಬೇಕು. ಸ್ಕ್ರೇಪರ್ ಇನ್ನೂ ನನ್ನ ಹತ್ತಿರವೇ ಇದೆ, ಜೂನ್ ಒಳಗೆ ವಾಪಸ್ ಬೇಕು ಅಂತ ಮಾವ ಹೇಳಿದ್ದಾರೆ.