ಟಾರು ಮುಗಿದ ಮೇಲೆ: ಹೆತ್ತೂರು–ಬಿಸ್ಲೆ ಕಡೆಯ ಮಣ್ಣುದಾರಿಗಳಲ್ಲಿ ನನ್ನ ಸೈಕಲ್

ಸಕಲೇಶಪುರಕ್ಕೆ ಬಂದ ಮೊದಲ ವರ್ಷ ನಾನು ಸೈಕಲ್ ತುಳಿದದ್ದೆಲ್ಲ ಹೆದ್ದಾರಿಯಲ್ಲೇ. ರಾಷ್ಟ್ರೀಯ ಹೆದ್ದಾರಿ 75. ಶಿರಾಡಿ ಘಾಟಿ ಹತ್ತಿ ಬರುವ ಲಾರಿಗಳು, ಮಂಗಳೂರಿನಿಂದ ಗ್ಯಾಸ್ ಹೊತ್ತು ಬರುವ ಬುಲೆಟ್ ಟ್ಯಾಂಕರ್‌ಗಳು, ಬೆಂಗಳೂರಿಂದ ಇಳಿಯುವ ರಾತ್ರಿ ಬಸ್ಸುಗಳು. ಬೆಳಗ್ಗೆ ಆರಕ್ಕೇ ಹೊರಟರೂ ಬೆನ್ನ ಹಿಂದೆ ಹಾರ್ನ್ ತಪ್ಪುತ್ತಿರಲಿಲ್ಲ. ಒಂದು ದಿನ ಮಾರನಹಳ್ಳಿ ಹತ್ತಿರ ಒಂದು ಟ್ಯಾಂಕರ್ ಮೈಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ಅದರ ಗಾಳಿಗೇ ಸೈಕಲ್ ವಾಲಿ ಚರಂಡಿಗೆ ಇಳಿಯಿತು. ಏಟೇನೂ ಆಗಲಿಲ್ಲ. ಕೈ ಮಾತ್ರ ಅರ್ಧ ಗಂಟೆ ನಡುಗುತ್ತಿತ್ತು. ಇನ್ನು ಈ ರಸ್ತೆಗೆ ಬರುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಹಾಗಾದರೆ ಎಲ್ಲಿ ತುಳಿಯುವುದು? ಉತ್ತರ ಕಣ್ಣ ಮುಂದೆಯೇ ಇತ್ತು. ಈ ತಾಲ್ಲೂಕಿನಲ್ಲಿ ಟಾರು ರಸ್ತೆಗಿಂತ ಮಣ್ಣಿನ ರಸ್ತೆಯೇ ಜಾಸ್ತಿ ಇರಬೇಕು ಅನ್ನಿಸುತ್ತದೆ. ತೋಟದಿಂದ ತೋಟಕ್ಕೆ ಜೀಪ್ ರೋಡು, ಊರಿಂದ ಊರಿಗೆ ಹಳೇ ಗಾಡಿ ದಾರಿ, ಗದ್ದೆ ಬಯಲಿನ ಪಕ್ಕ ಟ್ರ್ಯಾಕ್ಟರ್ ಓಡಾಡಿ ಆದ ಹಾದಿ. ಅವುಗಳಲ್ಲಿ ಇಡೀ ಬೆಳಗ್ಗೆ ತುಳಿದರೂ ಎದುರಿಗೆ ಸಿಗುವುದು ಒಂದೋ ಎರಡೋ ಬೈಕು, ನಾಲ್ಕಾರು ದನ. ಆದರೆ ಯಾವುದು ಎಲ್ಲಿಗೆ ಹೋಗುತ್ತದೆ, ಯಾವುದು ಯಾರದೋ ಕಣದಲ್ಲಿ ಹೋಗಿ ನಿಲ್ಲುತ್ತದೆ ಎಂದು ತಿಳಿಯಬೇಕಲ್ಲ. ಅದಕ್ಕೇ ನನಗೆ ಎರಡು ವರ್ಷ ಹಿಡಿಯಿತು. ಈಗ ನನ್ನ ಹತ್ತಿರ 54 ಕಿಲೋಮೀಟರಿನ ಒಂದು ಸುತ್ತು ಇದೆ. ಹೆತ್ತೂರು, ವಣಗೂರು ಕಡೆ ಹೋಗಿ, ಬಿಸ್ಲೆ ಹತ್ತಿರದವರೆಗೆ ಮುಟ್ಟಿ ತಿರುಗುತ್ತದೆ. ಅದರಲ್ಲಿ 31 ಕಿಲೋಮೀಟರ್ ಮಣ್ಣು ಮತ್ತು ಜಲ್ಲಿ. ಒಟ್ಟು ಏರು ಸುಮಾರು 1,100 ಮೀಟರ್.

ಮೊದಲು ಮಾಡಿದ ತಪ್ಪು ಉಪಗ್ರಹದ ಚಿತ್ರ ನಂಬಿದ್ದು. ಬಯಲುಸೀಮೆಯಲ್ಲಿ ಅದು ನಡೆಯುತ್ತದೆ. ಇಲ್ಲಿ ಕಾಫಿ ಗಿಡದ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳು. ಮೇಲಿಂದ ನೋಡಿದರೆ ಬರೀ ಹಸಿರು. ದಾರಿ ಮರದ ಕೆಳಗೆ ಹೊಕ್ಕರೆ ಮಾಯ. ಆಮೇಲೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯ ಹಾಳೆ ತೆಗೆದುಕೊಂಡು ಕೂತೆ. ಅದರಲ್ಲಿ ಗಾಡಿ ದಾರಿಗಳು, ಕಾಲುದಾರಿಗಳು ಗೆರೆ ಗೆರೆಯಾಗಿ ಇವೆ. ಇನ್ನೊಂದು ಉಪಕಾರ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಎತ್ತರದ ಗೆರೆಗಳದ್ದು. ಎರಡು ಗೆರೆಯ ನಡುವೆ 20 ಮೀಟರ್ ಎತ್ತರ. ಹಾಳೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದಲ್ಲಿ ಒಂದು ಕಿಲೋಮೀಟರ್. ಆ ಎರಡು ಸೆಂಟಿಮೀಟರಿನಲ್ಲಿ ದಾರಿ ಐದು ಗೆರೆ ದಾಟಿದರೆ ಕಿಲೋಮೀಟರಿಗೆ ನೂರು ಮೀಟರ್ ಏರು, ಅಂದರೆ ಶೇಕಡಾ 10. ಸಡಿಲ ಜಲ್ಲಿಯ ಮೇಲೆ ನನಗೆ ಅದೇ ಮಿತಿ. ಆರು ಏಳು ಗೆರೆ ಕಂಡರೆ ಅಲ್ಲಿ ಸೈಕಲ್ ತಳ್ಳಬೇಕು ಎಂದು ಮನೆಯಲ್ಲೇ ಗೊತ್ತಾಗಿಬಿಡುತ್ತದೆ.

ಆದರೂ ಹಾಳೆ ಹಳೆಯದು. ಅದರಲ್ಲಿನ ಗಾಡಿ ದಾರಿ ಈಗ ಗ್ರಾಮ ಸಡಕ್ ಯೋಜನೆಯ ಟಾರು ಆಗಿರಬಹುದು, ಇಲ್ಲವೇ ಯಾರೋ ಬೇಲಿ ಹಾಕಿ ಮುಚ್ಚಿರಬಹುದು. ಕೊನೆಗೆ ದಾರಿ ತೋರಿಸಿದ್ದು ಜನ. ಹಾಲಿನ ಡೈರಿ ಹತ್ತಿರ ಬೆಳಗ್ಗೆ ಏಳಕ್ಕೆ ಹೋಗಿ ನಿಂತರೆ ಸುತ್ತಲಿನ ಎಲ್ಲ ಮನೆಯವರೂ ಅಲ್ಲಿಗೇ ಬರುತ್ತಾರೆ. ಅಲ್ಲಿ ಕೇಳಿದ್ದಕ್ಕೆ ಸಿಕ್ಕಷ್ಟು ಮಾಹಿತಿ ಬೇರೆಲ್ಲೂ ಸಿಗಲಿಲ್ಲ. ಒಂದು ಸಲ ಕ್ಯಾನ್ ಹಿಡಿದು ನಿಂತಿದ್ದ ಹಿರಿಯರೊಬ್ಬರು ಹೇಳಿದ್ದು ಇನ್ನೂ ನೆನಪಿದೆ. "ಆ ದಾರೀಲಿ ನಮ್ಮಪ್ಪ ಏಲಕ್ಕಿ ಹೊತ್ಕೊಂಡು ಹೋಗ್ತಿದ್ರು ಸಾರ್. ಹಳ್ಳದ ತನಕ ತುಳೀಬೋದು. ಅಲ್ಲಿಂದ ನೂರು ಹೆಜ್ಜೆ ನೀವೇ ಸೈಕಲ್ ಹೊರ್ಬೇಕು. ಮೇಲೆ ಹತ್ತಿದ್ರೆ ಮತ್ತೆ ರೋಡು." ಹೋಗಿ ನೋಡಿದೆ. ಎಣಿಸಿದರೆ ನೂರಾ ಹದಿನೈದು ಹೆಜ್ಜೆ!

ತೋಟದ ಒಳಗಿನ ದಾರಿ ಅಂದರೆ ಅದು ಒಬ್ಬರ ಮನೆ ಅಂಗಳ ಇದ್ದ ಹಾಗೆ. ಗೇಟು ತೆರೆದಿದೆ ಎಂದು ಸುಮ್ನೆ ನುಗ್ಗುವುದಲ್ಲ. ನಾನು ಮೊದಲ ಸಲ ಯಾವ ತೋಟಕ್ಕೂ ಸೈಕಲ್ ತುಳಿದುಕೊಂಡು ಹೋಗಿಲ್ಲ. ಹಿಂದಿನ ವಾರವೇ ಹೋಗಿ ತೋಟದ ಕೆಲಸ, ಲೆಕ್ಕ ನೋಡುವ ರೈಟರನ್ನೋ ಮಾಲೀಕರನ್ನೋ ಕಂಡು, ಯಾವ ಹೊತ್ತಿಗೆ ಬರುತ್ತೇನೆ, ಎಲ್ಲಿಂದ ಹೊರಗೆ ಹೋಗುತ್ತೇನೆ ಎಂದು ಹೇಳಿ ಬರುತ್ತೇನೆ. ಹತ್ತರಲ್ಲಿ ಎಂಟು ಜನ ಹೂಂ ಅಂದಿದ್ದಾರೆ. ಬೇಡ ಅಂದವರ ತೋಟ ಬಿಟ್ಟು ಸುತ್ತಿ ಹೋಗಿದ್ದೇನೆ. ತೋಟಗಳ ಹೆಸರು ಇಲ್ಲಿ ಬರೆಯದೆ ಇರುವುದಕ್ಕೂ ಇದೇ ಕಾರಣ. ಅವರು ನನಗೆ ಕೊಟ್ಟ ಒಪ್ಪಿಗೆಯನ್ನು ನಾನು ಊರಿಗೆಲ್ಲ ಹಂಚಲು ಆಗುವುದಿಲ್ಲ. ದಾರಿಗೆ ಅಡ್ಡ ಹಾಕಿದ ಉಣುಗೋಲಿನ ಗಳ ಸರಿಸಿದರೆ ಮತ್ತೆ ಅದೇ ತೂತಿಗೆ ಸೇರಿಸಿ ಇಡುತ್ತೇನೆ. ಒಂದು ಗಳ ಕೆಳಗೆ ಬಿಟ್ಟು ಹೋದರೂ ಸಾಕು, ಸಂಜೆಯೊಳಗೆ ದನ ಗದ್ದೆಗೆ ಬಿದ್ದಿರುತ್ತದೆ.

ಮೀಸಲು ಅರಣ್ಯದ ಒಳಗೆ ಅನುಮತಿ ಇಲ್ಲದೆ ಹೋಗುವ ಮಾತೇ ಇಲ್ಲ. ಬಿಸ್ಲೆ ಕಾಡಿನ ಅಂಚಿನಲ್ಲಿ ನನ್ನ ಸುತ್ತು ತಿರುಗುತ್ತದೆ, ಒಳಗೆ ಇಳಿಯುವುದಿಲ್ಲ.

ಸೈಕಲ್ ವಿಷಯ. ಮೊದಲ ಆರು ತಿಂಗಳು ಹಳೇ ಎಂಟಿಬಿಯಲ್ಲೇ (ಮೌಂಟನ್ ಬೈಕ್) ತುಳಿದೆ. ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ, ಇರುವ ಸೈಕಲ್ಲಿನಲ್ಲಿ ಶುರು ಮಾಡಿ. ಆಮೇಲೆ ಮಣ್ಣು, ಜಲ್ಲಿ ದಾರಿಗೆ ಒಗ್ಗುವ ಗ್ರಾವೆಲ್ ಬೈಕ್ ತೆಗೆದುಕೊಂಡೆ. ಮುಂದೆ 40 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 42 ಹಲ್ಲಿನವರೆಗಿನ ಚಕ್ರಗಳು. ಏರಿನಲ್ಲಿ ಅದೇ 42 ನನ್ನನ್ನು ಕಾಪಾಡುವುದು. ಡಿಸ್ಕ್ ಬ್ರೇಕ್ ಇಲ್ಲಿ ಬೇಕೇ ಬೇಕು. ಟೈರು ಮೊದಲು 38 ಮಿಲಿಮೀಟರ್ ಇತ್ತು, ಒಳಗೆ ಟ್ಯೂಬು, ಗಾಳಿ 50 ಪಿಎಸ್‌ಐ. ಕಲ್ಲಿಗೆ ಹೊಡೆದು ಸೈಕಲ್ ಕುಣಿಯುತ್ತಿತ್ತು. ಗಾಳಿ ಕಮ್ಮಿ ಮಾಡಿದರೆ ರಿಮ್ಮಿನ ಅಂಚು ಕುಕ್ಕಿ ಟ್ಯೂಬಿಗೆ ಜೋಡಿ ತೂತು. ಒಂದೇ ದಿನ ಮೂರು ಪಂಚರ್ ಆದಮೇಲೆ 45ರ ಟೈರು ಹಾಕಿಸಿ ಟ್ಯೂಬ್‌ಲೆಸ್ ಮಾಡಿಸಿದೆ. ನನ್ನ ತೂಕ 68 ಕಿಲೋ. ಈಗ ಮುಂದಕ್ಕೆ 28, ಹಿಂದಕ್ಕೆ 32 ಪಿಎಸ್‌ಐ ಇಡುತ್ತೇನೆ. ಟೈರು ಕಲ್ಲಿನ ಮೇಲೆ ಕೂತು, ಅದನ್ನು ಅಪ್ಪಿಕೊಂಡು ದಾಟುತ್ತದೆ. ಸೈಕಲ್ ಬದಲಿಸಿದ್ದಕ್ಕಿಂತ ಗಾಳಿ ಇಳಿಸಿದ್ದರಿಂದಲೇ ನನಗೆ ಹೆಚ್ಚು ಅನುಕೂಲವಾಯಿತು.

ಇಳಿಜಾರು ಕಲಿಯಲು ಒಂದು ಬೇಸಿಗೆ ಪೂರ್ತಿ ಬೇಕಾಯಿತು. ಸಿಲ್ವರ್ ಓಕಿನ ಒಣಗಿದ ಎಲೆ ದಾರಿ ತುಂಬ ಹಾಸಿರುತ್ತದೆ. ನೋಡಲು ಚಂದ, ಕೆಳಗೆ ಏನಿದೆ ಕಾಣುವುದಿಲ್ಲ. ಅದಕ್ಕೆ ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿದು ಮುಗಿಸುತ್ತೇನೆ, ತಿರುವಿನಲ್ಲಿ ಹಿಡಿಯುವುದಿಲ್ಲ. ಪೆಡಲ್ ಎರಡೂ ಸಮಕ್ಕೆ, ಸೊಂಟ ಸೀಟಿಗಿಂತ ಸ್ವಲ್ಪ ಹಿಂದೆ, ಮೊಣಕೈ ಸಡಿಲ. ಕಣ್ಣು ಹತ್ತು ಮೀಟರ್ ಮುಂದೆ. ಕಲ್ಲನ್ನೇ ನೋಡುತ್ತಿದ್ದರೆ ಸೈಕಲ್ ಆ ಕಲ್ಲಿಗೇ ಹೋಗುತ್ತದೆ.

ಸಾಮಾನಿನ ಚೀಲದಲ್ಲಿ ಏನಿರಬೇಕು ಎಂದು ಕಲಿಸಿದ್ದು ಒಂದು ಮೇ ತಿಂಗಳು. ಮರಗಸಿ, ಅಂದರೆ ನೆರಳಿನ ಮರಗಳ ರೆಂಬೆ ಕಡಿಯುವ ಕೆಲಸ, ನಡೆಯುತ್ತಿತ್ತು. ಕಡಿದ ರೆಂಬೆಗಳು ದಾರಿಯ ಮೇಲೇ ಬಿದ್ದಿದ್ದವು. ಒಂದು ಬೆರಳು ದಪ್ಪದ ಕಡ್ಡಿ ಗೇರ್ ಬದಲಿಸುವ ಹಿಂದಿನ ಡಿರೇಲರ್ ಒಳಗೆ ಸಿಕ್ಕಿತು. ನಾನು ಅರ್ಧ ಸುತ್ತು ಜಾಸ್ತಿ ತುಳಿದೆ. ಚಟ್ ಅಂತ ಶಬ್ದ. ಕೆಳಗೆ ನೋಡಿದರೆ ಡಿರೇಲರ್ ಚೈನಿಗೆ ಜೋತು ಬಿದ್ದಿದೆ, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎರಡು ತುಂಡು. ಹತ್ತಿರದ ಟಾರು ರಸ್ತೆ 9 ಕಿಲೋಮೀಟರ್ ದೂರ. ಫೋನಿಗೆ ನೆಟ್‌ವರ್ಕ್ ಇಲ್ಲ. ಅದೃಷ್ಟಕ್ಕೆ ಚೈನ್ ಕಳಚುವ ಸಾಧನ ಇತ್ತು. ಡಿರೇಲರ್ ಬಿಡಿಸಿ, ಚೈನ್ ಕತ್ತರಿಸಿ ಗಿಡ್ಡ ಮಾಡಿ, ಹಿಂದಿನ ನಡುವಿನ ಹಲ್ಲುಚಕ್ರಕ್ಕೆ ನೇರ ಹಾಕಿ ಕೂಡಿಸಿದೆ. ಗೇರಿಲ್ಲದ ಸೈಕಲ್ ಆಯಿತು. ಏರಿಗೆ ತಳ್ಳುವುದು, ಸಮಕ್ಕೆ ತುಳಿಯುವುದು. ಮನೆ ಮುಟ್ಟುವಾಗ ಕತ್ತಲಾಗಿತ್ತು. ಅಂದಿನಿಂದ ನನ್ನ ಸೈಕಲ್ಲಿಗೇ ಹೊಂದುವ ಒಂದು ಹ್ಯಾಂಗರ್, ಚೈನ್ ಕೂಡಿಸುವ ಎರಡು ಕ್ವಿಕ್ ಲಿಂಕ್, ಒಂದು ಟ್ಯೂಬು, ಟೈರ್ ತೂತಿಗೆ ತುಂಬುವ ರಬ್ಬರ್ ಬತ್ತಿ, ಪಂಪು ಯಾವಾಗಲೂ ಜೊತೆಗಿರುತ್ತವೆ. ಹ್ಯಾಂಗರ್ ಒಂದೊಂದು ಸೈಕಲ್ಲಿಗೆ ಒಂದೊಂದು ಆಕಾರ. ದಾರಿಯಲ್ಲಿ ಎಲ್ಲೂ ಸಿಗುವುದಿಲ್ಲ.

ಆನೆ ಬಗ್ಗೆ ಬರೆಯದೆ ಈ ಕಡೆಯ ಸೈಕಲ್ ಬಗ್ಗೆ ಬರೆಯಲು ಆಗುವುದಿಲ್ಲ. ಸಕಲೇಶಪುರ, ಆಲೂರು ಕಡೆ ತೋಟದೊಳಗೇ ಆನೆ ಇರುತ್ತವೆ. ಎಷ್ಟೋ ಮನೆಗಳು ಅವುಗಳಿಂದ ಜೀವ ಕಳೆದುಕೊಂಡಿವೆ. ನಮಗೆ ವಾರಕ್ಕೊಂದು ದಿನದ ಖುಷಿ, ಅವರಿಗೆ ದಿನಾ ಭಯ. ಸೈಕಲ್ಲಿಗೆ ಶಬ್ದ ಇಲ್ಲ, ಅದೇ ಅಪಾಯ. ಜೀಪು ಬಂದರೆ ಆನೆಗೆ ದೂರದಿಂದಲೇ ತಿಳಿಯುತ್ತದೆ. ಸೈಕಲ್ ಏಕಾಏಕಿ ಎದುರಿಗೆ ಬಂದುಬಿಡುತ್ತದೆ. ಭತ್ತ ಬಲಿಯುವ ಒಂದು ನವೆಂಬರಿನಲ್ಲಿ ಬೆಳಗ್ಗೆ ಏಳೂವರೆಗೆ ಒಂದು ತಿರುವಿನಲ್ಲಿ ಲದ್ದಿ ಕಂಡೆ. ಇನ್ನೂ ಹಬೆ ಆಡುತ್ತಿತ್ತು. ದಾರಿ ಪಕ್ಕದ ದರೆಯ (ಕಡಿದಾದ ಮಣ್ಣಿನ ದಿಬ್ಬದ) ಮಣ್ಣು ಹಸಿಯಾಗಿ ಜಾರಿತ್ತು. ಒಂದು ಬೈನೆ ಮರ ಸೀಳಿ ಬಿದ್ದಿತ್ತು. ಹಕ್ಕಿ ಕೂಡ ಕೂಗುತ್ತಿರಲಿಲ್ಲ. ಸೈಕಲ್ ಎತ್ತಿ ಅಲ್ಲೇ ತಿರುಗಿಸಿ, ಬಂದ ದಾರಿಯಲ್ಲೇ ವಾಪಸ್ ಬಂದೆ. ತೋಟದ ಕೆಲಸದವರ ಲೈನ್ ಮನೆ ಹತ್ತಿರ ಬಟ್ಟೆ ಒಗೆಯುತ್ತಿದ್ದ ಅಮ್ಮ ಬೈದರು. "ಎಂಟು ಗಂಟೆ ಆಗ್ದೆ ನಾವೇ ತೋಟಕ್ಕೆ ಇಳಿಯಲ್ಲ, ನೀವ್ಯಾಕಪ್ಪ ಹೋಗ್ತೀರಿ?" ಅಂದಿನಿಂದ ಎಂಟೂವರೆಗೆ ಮುಂಚೆ ಮಣ್ಣುದಾರಿಗೆ ಇಳಿಯುವುದಿಲ್ಲ, ನಾಲ್ಕರೊಳಗೆ ಟಾರಿಗೆ ಬಂದಿರುತ್ತೇನೆ. ಹಿಂದಿನ ಸಂಜೆ ಅರಣ್ಯ ಇಲಾಖೆಯವರು ಕಳಿಸುವ ಆನೆ ಸಂದೇಶ ನೋಡುತ್ತೇನೆ, ತೋಟದ ರೈಟರಿಗೆ ಫೋನ್ ಮಾಡುತ್ತೇನೆ. ಕಣ್ಣಿಗೆ ಕಾಣದ ತಿರುವಿನಲ್ಲಿ ದೂರದಿಂದಲೇ ಬೆಲ್ ಹೊಡೆಯುತ್ತೇನೆ. ಒಬ್ಬನೇ ಹೋಗುವುದನ್ನು ಬಿಟ್ಟಿದ್ದೇನೆ.

ಕಾಲ ಯಾವುದು ಅಂದರೆ, ಜೂನಿನಿಂದ ಸೆಪ್ಟೆಂಬರ್ ಬೇಡ. ಕೆಂಪು ಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಮೆತ್ತಿ ಚಕ್ರವೇ ತಿರುಗುವುದಿಲ್ಲ. ರಕ್ತ ಹೀರುವ ಇಂಬಳ ಬೇರೆ. ಡಿಸೆಂಬರ್, ಜನವರಿಯಲ್ಲಿ ದಾರಿ ಗಟ್ಟಿಯಾಗಿರುತ್ತದೆ, ಆದರೆ ಕಾಫಿ ಕುಯ್ಲಿನ ಸಮಯ. ಹಣ್ಣಿನ ಮೂಟೆ ಹೊತ್ತ ಪಿಕಪ್ಪು, ಕೆಲಸದವರು ಬರುತ್ತಾ ಇರುತ್ತಾರೆ. ಅವರಿಗೆ ದಾರಿ ಬಿಟ್ಟು ದರೆಗೆ ಒರಗಿ ನಿಲ್ಲಬೇಕು. ನನಗೆ ಇಷ್ಟ ಹೂಮಳೆ ಆದಮೇಲಿನ ವಾರ. ಮಾರ್ಚ್ ಹೊತ್ತಿಗೆ ಒಂದು ಒಳ್ಳೆ ಮಳೆ ಬಿದ್ದು ಒಂದೆಂಟು ಹತ್ತು ದಿನಕ್ಕೆ ಗಿಡ ಪೂರ್ತಿ ಬೆಳ್ಳಗಾಗುತ್ತದೆ. ಮಳೆಗೆ ಧೂಳು ಕೂತಿರುತ್ತದೆ. ಏರಿನಲ್ಲಿ ಏದುಸಿರು ಬಿಡುವಾಗ ಪ್ರತಿ ಉಸಿರಿಗೂ ಮಲ್ಲಿಗೆಯಂಥ ಆ ಘಮ, ಸುತ್ತ ಜೇನಿನ ಗುಂಯ್ ಸದ್ದು. ಹೂ ಎರಡು ಮೂರು ದಿನ ಮಾತ್ರ. ಆ ದಿನಗಳಿಗಾಗಿ ನಾನು ರಜೆ ಉಳಿಸಿಟ್ಟುಕೊಂಡಿರುತ್ತೇನೆ.

ನನ್ನ ಸುತ್ತಿನ ಹತ್ತಿರವೇ ಮಂಕನಹಳ್ಳಿಯ ಕಲ್ಲು ಸಿಗುತ್ತದೆ. ಅಲ್ಲಿ ಬಿದ್ದ ಮಳೆ ಒಂದು ಕಡೆ ಹರಿದರೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಇನ್ನೊಂದು ಕಡೆ ಹರಿದರೆ ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಅಲ್ಲಿಂದ ಮುಂದೆ ಬಿಸ್ಲೆಯ ವ್ಯೂ ಪಾಯಿಂಟಿನಲ್ಲಿ ನಿಂತರೆ ಎದುರಿಗೆ 1,712 ಮೀಟರಿನ ಪುಷ್ಪಗಿರಿ. ವಾರದ ಕೊನೆಗೆ ಅಲ್ಲಿ ಕಾರು ಜಾಸ್ತಿ. ಬುಧವಾರವೋ ಗುರುವಾರವೋ ಹೋದರೆ ಬುತ್ತಿ ಬಿಚ್ಚಿ ಅಕ್ಕಿ ರೊಟ್ಟಿ ತಿಂದು ಮುಗಿಸುವವರೆಗೂ ಒಂದು ಎಂಜಿನ್ ಸದ್ದಿಲ್ಲ.

ಸುತ್ತಿನಲ್ಲಿ ಇನ್ನೂ 3 ಕಿಲೋಮೀಟರ್ ಟಾರು ತಪ್ಪಿಸಬೇಕಿದೆ. ಪಕ್ಕದಲ್ಲೇ ಒಂದು ಹಳೇ ದಾರಿ ಇದೆ, ನಡುವೆ ಹಳ್ಳ. ಅದರ ಮೇಲಿದ್ದ ಮರದ ಸಂಕ ಕಳೆದ ಮಳೆಗೆ ಕೊಚ್ಚಿಹೋಯಿತು. ಡಿಸೆಂಬರಿಗೆ ನೀರು ಮೊಣಕಾಲಿಗಿಂತ ಕೆಳಗಿಳಿಯುತ್ತದಂತೆ. ಆ ದಡದ ಮನೆಯವರು, "ಬರೋ ಹಿಂದಿನ ದಿನ ಫೋನ್ ಮಾಡಿ, ನಾನೇ ಬಂದು ದಾಟೋ ಜಾಗ ತೋರಿಸ್ತೀನಿ" ಅಂದಿದ್ದಾರೆ. ಈ ಸಲ ಸೈಕಲ್ಲನ್ನು ಭುಜಕ್ಕೆ ಹಾಕಿಕೊಳ್ಳಲು ಒಂದು ಅಗಲದ ಪಟ್ಟಿ ಹೊಲಿಸಿಟ್ಟುಕೊಂಡಿದ್ದೇನೆ.