ಹಬ್ಬದ ಎಲೆಯಲ್ಲಿ ಹಸಿ ಊಟ: ನವರಾತ್ರಿಯಿಂದ ತುಳಸಿಪೂಜೆಯವರೆಗೆ

ಬೇಯಿಸದ ಊಟ ಮಾಡುವವರಿಗೆ ವರ್ಷದಲ್ಲಿ ಕಷ್ಟದ ಕಾಲ ಯಾವುದು ಅಂದರೆ ನವರಾತ್ರಿಯಿಂದ ತುಳಸಿಪೂಜೆಯವರೆಗಿನ ದಿನಗಳು. ನವರಾತ್ರಿ ಪೂಜೆ, ಹೊಸ ಅಕ್ಕಿ ಊಟ, ಆಯುಧಪೂಜೆ, ದೀಪಾವಳಿ, ಗೋಪೂಜೆ ಎಲ್ಲ ಸಾಲಾಗಿ ಬರುತ್ತವೆ. ನಡುವೆ ನೆಂಟರ ಮನೆಯ ಜೆಂಬರಗಳು, ಅಂದರೆ ಪೂಜೆ, ಸಮಾರಂಭದ ಊಟಗಳು ಬೇರೆ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ಬದಿಯಲ್ಲಿ. ಈ ದಿನಗಳಲ್ಲಿ ಇಲ್ಲಿ ಯಾವ ಮನೆಗೆ ಹೋದರೂ ಎಣ್ಣೆ ಬಾಣಲೆ ಒಲೆಯ ಮೇಲೆ ಇದ್ದೇ ಇರುತ್ತದೆ. ನಾನು ಕೆಲವು ವರ್ಷಗಳಿಂದ ಹಸಿ ಆಹಾರವನ್ನೇ ಮುಖ್ಯವಾಗಿ ತಿನ್ನುತ್ತಿದ್ದೇನೆ. ಹಬ್ಬಗಳಲ್ಲೂ ಬಿಟ್ಟಿಲ್ಲ. ಹೇಗೆ ಅಂತ ತುಂಬಾ ಜನ ಕೇಳಿದ್ದಾರೆ. ನಾನು ಮಾಡುವುದನ್ನು ಇಲ್ಲಿ ಹೇಳುತ್ತೇನೆ.

ಹಸಿ ಆಹಾರ ಅಂದರೆ ಸುಮಾರಾಗಿ 40ರಿಂದ 48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಮಾಡದ ಆಹಾರ. ಹಣ್ಣು, ತರಕಾರಿ, ಸೊಪ್ಪು, ನೆನೆಸಿದ ಬೇಳೆ, ಮೊಳಕೆ, ತೆಂಗಿನಕಾಯಿ, ಎಳ್ಳು, ಜೇನು. ನಮ್ಮ ಕಡೆಯವರಿಗೆ ಇದು ತೀರಾ ಹೊಸ ವಿಷಯ ಏನಲ್ಲ. ಧರ್ಮಸ್ಥಳದ ಶಾಂತಿವನಕ್ಕೆ ಪ್ರಕೃತಿ ಚಿಕಿತ್ಸೆಗೆ ಹೋಗಿ ಬಂದವರು ಊರಲ್ಲಿ ಒಬ್ಬಿಬ್ಬರಾದರೂ ಸಿಗುತ್ತಾರೆ. ಆದರೆ ಚಿಕಿತ್ಸೆಗೆ ಅಂತ ಸ್ವಲ್ಪ ದಿನ ತಿನ್ನುವುದು ಬೇರೆ. ಮನೆಯಲ್ಲಿದ್ದುಕೊಂಡು, ಹಬ್ಬ ಮಾಡಿಕೊಂಡು ತಿನ್ನುವುದು ಬೇರೆ.

ಅತ್ತೆ ಮೊದಲ ವರ್ಷವೇ ಕೇಳಿದ್ದರು. "ಹಬ್ಬದ ದಿನವೂ ಹಸಿಯೇ ತಿನ್ನುದಾ? ಎಲೆಯ ಎದುರು ಕೂತು ಎಂತ ಉಣ್ಣುದು ನೀನು?"

ಪ್ರಶ್ನೆ ಸರಿಯಾಗಿಯೇ ಇತ್ತು. ಎಲ್ಲರೂ ಸಾಲಾಗಿ ಎಲೆಗೆ ಕೂತಿರುವಾಗ ನಾನೊಬ್ಬಳು ಒಳಗೆ ಬಟ್ಟಲಲ್ಲಿ ಹಣ್ಣು ತುಂಡು ಇಟ್ಟುಕೊಂಡು ಕೂರುವುದು ನನಗೆ ಬೇಕಿರಲಿಲ್ಲ. ಅದು ಮನೆಯವರಿಗೂ ಬೇಸರ, ಹಬ್ಬಕ್ಕೂ ಚಂದ ಅಲ್ಲ. ಆಗ ನಾನು ಎಲೆಯನ್ನೇ ಸರಿಯಾಗಿ ನೋಡಿದೆ. ಉಪ್ಪು, ಉಪ್ಪಿನಕಾಯಿ ಆದ ಮೇಲೆ ಬರುವ ಕೋಸಂಬರಿ ಹಸಿ. ತೆಂಗಿನತುರಿ, ಸಾಸಿವೆ ರುಬ್ಬಿ ಹಾಕುವ ಸಾಸಮೆ ಹಸಿ. ಒಂದೆಲಗದ ತಂಬುಳಿ ಹೆಚ್ಚುಕಡಿಮೆ ಹಸಿ. ಬಾಳೆಹಣ್ಣಿನ ರಸಾಯನದಲ್ಲಿ ಬೆಲ್ಲ ಒಂದನ್ನು ಬಿಟ್ಟರೆ ಎಲ್ಲವೂ ಹಸಿ. ನಮ್ಮ ಅಡಿಗೆಯಲ್ಲಿ ಒಲೆ ಬೇಡದ ಪದಾರ್ಥಗಳು ಮೊದಲಿಂದಲೂ ಇವೆ. ಅವನ್ನು ಚಮಚದಲ್ಲಿ ಬಡಿಸುತ್ತೇವೆ, ಅನ್ನವನ್ನು ರಾಶಿ ಹಾಕುತ್ತೇವೆ. ನಾನು ಮಾಡಿದ್ದು ಇಷ್ಟೇ, ಆ ಅಳತೆ ತಿರುಗಿಸಿದೆ. ಮನೆಯ ಹಬ್ಬಕ್ಕೆ ಈ ನಾಲ್ಕು ಪದಾರ್ಥ ಮಾಡುವ ಕೆಲಸ ನನ್ನದು ಅಂತ ಹೇಳಿ ತೆಗೆದುಕೊಂಡೆ. ಎಲ್ಲರಿಗೂ ಸಾಕಾಗುವಷ್ಟು ಮಾಡುತ್ತೇನೆ. ಅವರು ಸ್ವಲ್ಪ ಹಾಕಿಸಿಕೊಳ್ಳುತ್ತಾರೆ, ನಾನು ಜಾಸ್ತಿ ಹಾಕಿಸಿಕೊಳ್ಳುತ್ತೇನೆ. ಪಂಕ್ತಿ ಒಂದೇ, ಎಲೆ ಒಂದೇ.

ಈಗ ತಂಬುಳಿಯ ವಿಷಯ. ತುಲಾ ತಿಂಗಳ (ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗಿನ) ಮಳೆಗೆ ತೋಟದ ಕಣಿಯ ಬದಿಯಲ್ಲಿ ಒಂದೆಲಗ ದಟ್ಟವಾಗಿ ಹಬ್ಬಿರುತ್ತದೆ. ಸಾಮಾನ್ಯವಾಗಿ ಜೀರಿಗೆ, ಒಳ್ಳೆಮೆಣಸನ್ನು (ಕಾಳುಮೆಣಸು) ತುಪ್ಪದಲ್ಲಿ ಹುರಿದು, ತೆಂಗಿನತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಹಾಕುತ್ತಾರೆ. ನಾನು ಹುರಿಯುವುದಿಲ್ಲ. ಹಸಿ ಜೀರಿಗೆ, ಒಂದೆರಡು ಗಾಂಧಾರಿ ಮೆಣಸು, ಒಂದು ಹಿಡಿ ಎಲೆ, ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬುತ್ತೇನೆ. ಮಜ್ಜಿಗೆಯ ಬದಲು ತೆಂಗಿನ ಹಾಲು. ಮೊಸರಿಗೆ ಹಾಲು ಕಾಯಿಸುತ್ತಾರೆ, ಅದಕ್ಕೆ ಬಿಟ್ಟಿದ್ದೇನೆ. ಹುಳಿಗೆ ನಿಂಬೆರಸ. ನಿಂಬೆಯನ್ನು ಬಡಿಸುವ ಹೊತ್ತಿಗೆ ಹಿಂಡಬೇಕು. ಮೊದಲೇ ಹಿಂಡಿಟ್ಟರೆ ತೆಂಗಿನ ಹಾಲು ಒಡೆದ ಹಾಗೆ ಆಗುತ್ತದೆ, ರುಚಿಯೂ ಹೋಗುತ್ತದೆ. ಈ ಸೆಕೆಯಲ್ಲಿ ತೆಂಗಿನ ಹಾಲು ಹೊರಗಿಟ್ಟರೆ ಕೆಲವೇ ಗಂಟೆಯಲ್ಲಿ ಹುಳಿ ವಾಸನೆ ಬರುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಹಿಂಡುವುದು ಒಳ್ಳೆಯದು.

ಮೊಸರು ಬಿಟ್ಟದ್ದಕ್ಕೆ ಒಬ್ಬರು ಪಂಡಿತರು ಖುಷಿಯಿಂದ ತಲೆಯಾಡಿಸಿದ್ದರು. ಆಯುರ್ವೇದದ ಋತುಚರ್ಯೆಯಲ್ಲಿ ಶರದೃತುವಿಗೆ, ಅಂದರೆ ಆಶ್ವೀಜ ಕಾರ್ತಿಕಕ್ಕೆ, ಮೊಸರು ಬೇಡ ಅಂತಲೇ ಇದೆ. ಪಿತ್ತ ಕೆರಳುವ ಕಾಲ ಇದು. ಹೆಸರು, ನೆಲ್ಲಿ, ಜೇನು ಒಳ್ಳೆಯದು ಅಂತಲೂ ಇದೆ. ಆದರೆ ಅವರೇ ಇನ್ನೊಂದು ಮಾತನ್ನೂ ಹೇಳಿದರು. ಹಸಿಯದ್ದು ಜೀರ್ಣಕ್ಕೆ ಭಾರ, ಸಂಜೆ ಮಳೆ ಬಂದು ತಣ್ಣಗಾದ ಮೇಲೆ ಜಾಸ್ತಿ ತಿನ್ನಬಾರದು ಅಂತ. ಅದನ್ನು ನಾನು ಪಾಲಿಸುತ್ತೇನೆ. ದೊಡ್ಡ ಊಟ ಮಧ್ಯಾಹ್ನ. ಸಂಜೆ ಗುಡುಗು ಮಳೆ ಹಿಡಿಯುವ ಮೊದಲೇ ಹಣ್ಣು ತಿಂದು ಮುಗಿಸುತ್ತೇನೆ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಶುಂಠಿ ಜಜ್ಜಿ ಹಾಕಿ ಕುಡಿಯುತ್ತೇನೆ, ಅಷ್ಟೇ.

ಸಾಸಮೆಗೆ ಅನಾನಸು ಸಿಕ್ಕಿದರೆ ಅನಾನಸು, ಇಲ್ಲದಿದ್ದರೆ ಮುಳ್ಳುಸೌತೆ. ಮಳೆಗಾಲದ ಮುಳ್ಳುಸೌತೆ ಬಳ್ಳಿಯ ಕೊನೆಯ ಕಾಯಿಗಳು ನವರಾತ್ರಿಗೆ ಸಿಗುತ್ತವೆ. ತೆಂಗಿನತುರಿ, ಮೆಣಸು, ಉಪ್ಪು ಮೊದಲು ನುಣ್ಣಗೆ ಆಗಬೇಕು. ಸಾಸಿವೆಯನ್ನು ಕೊನೆಗೆ ಹಾಕಿ ಎರಡು ಸುತ್ತು ತಿರುಗಿಸಿದರೆ ಸಾಕು. ಸಾಸಿವೆ ಜಜ್ಜಿ ನೀರು ತಾಗಿದಾಗ ಅದರೊಳಗಿನ ಕಿಣ್ವ ಕೆಲಸ ಮಾಡಿ ಘಾಟು ಬರುತ್ತದೆ. ಬಿಸಿ ತಾಗಿದರೆ ಆ ಕಿಣ್ವ ಸತ್ತುಹೋಗುತ್ತದೆ. ಹಾಗಾಗಿ ಹಸಿ ಸಾಸಮೆಯ ಘಾಟು ಒಗ್ಗರಣೆ ಸಾಸಿವೆಗೆ ಬರುವುದೇ ಇಲ್ಲ. ಜಾಸ್ತಿ ಹೊತ್ತು ರುಬ್ಬಿದರೆ ಮಾತ್ರ ಕಹಿ.

ಕೋಸಂಬರಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಬಾಳೆದಿಂಡಿನದ್ದು. ಗೊನೆ ಕಡಿದ ದಿನವೇ ಮಾಡಬೇಕು. ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾ ಹೋಗುವಾಗ ನಾರು ಎಳೆ ಎಳೆಯಾಗಿ ಬರುತ್ತದೆ, ಅದನ್ನು ಬೆರಳಿಗೆ ಸುತ್ತಿ ತೆಗೆಯಬೇಕು. ಬಿಲ್ಲೆಗಳನ್ನು ಸಣ್ಣಗೆ ಕೊಚ್ಚಿ ಕೂಡಲೇ ನಿಂಬೆ ಹಿಂಡಿದ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ಒಂದೆರಡು ಗಂಟೆ ನೆನೆದ ಹೆಸರುಬೇಳೆ, ತೆಂಗಿನತುರಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಸೇರಿಸಿದರೆ ಆಯಿತು. ಒಗ್ಗರಣೆ ಇಲ್ಲ. ಅದರ ಪರಿಮಳಕ್ಕೆ ಹಸಿ ಕರಿಬೇವಿನಸೊಪ್ಪನ್ನು ಉಪ್ಪಿನ ಜೊತೆ ಅಂಗೈಯಲ್ಲಿ ಹಿಸುಕಿ, ಗಾಣದ ತೆಂಗಿನೆಣ್ಣೆ ಒಂದು ಚಮಚ ಸೇರಿಸಿ ಮೇಲಿಂದ ಹಾಕುತ್ತೇನೆ.

ಹಸಿ ಊಟ ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ಆಸೆಯಿಂದ ಅಲ್ಲ, ಹಸಿವೆಯಿಂದ. ಇದನ್ನು ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ. 100 ಗ್ರಾಂ ಮುಳ್ಳುಸೌತೆಯಲ್ಲಿ ಹದಿನೈದರಷ್ಟು ಕ್ಯಾಲೊರಿ ಇರುತ್ತದೆ. ಬಾಳೆಹಣ್ಣಿನಲ್ಲಿ 90ರ ಹತ್ತಿರ. ತೆಂಗಿನಕಾಯಿಯಲ್ಲಿ 350ರಷ್ಟು. ಸುಮ್ನೆ ಸೌತೆ, ಕ್ಯಾರೆಟ್ ತಿಂದುಕೊಂಡು ಇದ್ದರೆ ಸಂಜೆ ನಾಲ್ಕಕ್ಕೆ ಕೈಕಾಲು ಸೋಲುತ್ತದೆ. ಚಕ್ಕುಲಿ ಕರಿಯುವುದೂ ಅದೇ ಹೊತ್ತಿಗೆ ಅಲ್ವಾ? ಹೊಟ್ಟೆ ತುಂಬಿದ್ದರೆ ಆ ವಾಸನೆ ಅಷ್ಟು ಎಳೆಯುವುದಿಲ್ಲ. ಹಾಗಾಗಿ ಹಬ್ಬದ ಕೆಲಸದ ದಿನಗಳಲ್ಲಿ ಬೆಳಿಗ್ಗೆಯೇ ಬೊಂಡದ ಗಂಜಿ (ಎಳನೀರಿನ ಒಳಗಿನ ಎಳೆ ತಿರುಳು), ಬಾಳೆಹಣ್ಣು, ನೆನೆಸಿದ ನೆಲಗಡಲೆ ಹೊಟ್ಟೆತುಂಬ ತಿನ್ನುತ್ತೇನೆ. ಮೊಳಕೆ ಬಂದ ತೆಂಗಿನಕಾಯಿ ಒಡೆದರೆ ಒಳಗೆ ಸಿಗುವ ಬಿಳಿ ಉಂಡೆ ಇದೆಯಲ್ಲ, ಅದಕ್ಕೆ ಮನೆಯ ಮಕ್ಕಳೊಂದಿಗೆ ಪಾಲು ಮಾಡಿಕೊಳ್ಳಬೇಕಾಗುತ್ತದೆ. ಅದೂ ಒಳ್ಳೆ ತಿಂಡಿ. ಕರಿಯುವ ಹೊತ್ತಿಗೆ ನಾನು ಒಲೆಯ ಹತ್ತಿರ ನಿಲ್ಲುವುದಿಲ್ಲ. ದೀಪ ತಿಕ್ಕುವುದು, ಹೂ ಕಟ್ಟುವುದು, ಕಾಯಿ ತುರಿಯುವುದು ಇಂಥ ಕೆಲಸ ಕೇಳಿ ತೆಗೆದುಕೊಳ್ಳುತ್ತೇನೆ. ಕೆಲಸದಿಂದ ತಪ್ಪಿಸಿಕೊಂಡ ಹಾಗೂ ಆಗುವುದಿಲ್ಲ.

ಸಿಹಿಗೆ ರಸಾಯನ. ಚೆನ್ನಾಗಿ ಕಳಿತ ಕದಳಿ ಹಣ್ಣು, ದಪ್ಪ ತೆಂಗಿನ ಹಾಲು, ಏಲಕ್ಕಿ, ಹುರಿಯದ ಎಳ್ಳು. ಬೆಲ್ಲ ಕಬ್ಬಿನ ಹಾಲು ಕುದಿಸಿ ಮಾಡಿದ್ದು, ಅದಕ್ಕೆ ಅದರ ಬದಲು ನೆನೆಸಿ ಅರೆದ ಖರ್ಜೂರ, ಇಲ್ಲವೇ ತೋಟದ ಪೆಟ್ಟಿಗೆಯ ಜೇನು. ಮನೆಯಲ್ಲಿ ಬೆಲ್ಲದ್ದಕ್ಕಿಂತ ಇದನ್ನೇ ಕೇಳಿ ಹಾಕಿಸಿಕೊಳ್ಳುವವರಿದ್ದಾರೆ. ಅವಲಕ್ಕಿ ಹಸಿ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಭತ್ತ ನೆನೆಸಿ, ಹುರಿದು, ಆಮೇಲೆ ಕುಟ್ಟಿದ್ದು ಅದು. ಅಂಗಡಿಯ ಗೇರುಬೀಜವೂ ಹಾಗೆಯೇ. ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ ಅಂತ ಒಡೆಯುವ ಮೊದಲು ಹಬೆಯಲ್ಲಿ ಬೇಯಿಸುತ್ತಾರೆ ಅಥವಾ ಹುರಿಯುತ್ತಾರೆ. ಗೇರು ಬೆಳೆಯುವ ನಮ್ಮ ಊರಲ್ಲೂ ಇದು ಗೊತ್ತಿಲ್ಲದವರಿದ್ದಾರೆ. ಇನ್ನೊಂದು ಒಳ್ಳೆಯ ಸಿಹಿ ಅಂದರೆ ಕಲ್ಪರಸ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು, ತೆಂಗಿನ ಹೂಗೊಂಚಲಿನ ರಸವನ್ನು ಹುಳಿಯಾಗದ ಹಾಗೆ ತಣ್ಣಗೆ ಇಳಿಸುವ ವಿಧಾನ ಕಂಡುಹಿಡಿದಿದೆ. ಮಂಜುಗಡ್ಡೆ ಇಟ್ಟ ಪೆಟ್ಟಿಗೆಯನ್ನು ಹೊಂಬಾಳೆಗೆ ಕಟ್ಟಿ ಸಂಗ್ರಹಿಸುತ್ತಾರೆ. ಕಾಯಿಸದ, ಸಕ್ಕರೆ ಹಾಕದ ಸಿಹಿ ಅದು. ಸಿಕ್ಕಿದಾಗ ಬಿಡಬೇಡಿ, ತಣ್ಣಗಿರುವಾಗಲೇ ಕುಡಿದುಬಿಡಿ.

ಪ್ರಸಾದಕ್ಕೆ ನನ್ನ ನಿಯಮ ಬೇರೆ. ಮಧೂರು ದೇವಸ್ಥಾನದ ಅಪ್ಪ ತುಪ್ಪದಲ್ಲಿ ಬೆಂದದ್ದೇ. ಆದರೂ ಕೈಗೆ ಕೊಟ್ಟರೆ ಕಣ್ಣಿಗೊತ್ತಿಕೊಂಡು ಒಂದು ಚೂರು ತಿನ್ನುತ್ತೇನೆ. ಹೊಸ ಅಕ್ಕಿ ಊಟದ ದಿನ ಹಿರಿಯರಿಗೆ ನಮಸ್ಕರಿಸಿ ಒಂದು ತುತ್ತು ಅನ್ನ. ದೀಪಾವಳಿ ಬೆಳಿಗ್ಗೆ ಎಣ್ಣೆಸ್ನಾನ ಆದ ಮೇಲೆ ಅತ್ತೆ ಕೊಡುವ ಸಿಹಿ ಅವಲಕ್ಕಿ ಒಂದು ಚಿಟಿಕೆ. ಇದನ್ನೆಲ್ಲ ಹಬ್ಬ ಶುರುವಾಗುವ ಮೊದಲೇ ನಿಶ್ಚಯ ಮಾಡಿಕೊಂಡಿರುತ್ತೇನೆ. ಆಮೇಲೆ ಅಲ್ಲೇ ನಿಂತು ಯೋಚಿಸುವ ಪ್ರಶ್ನೆ ಇಲ್ಲ. ದೇವರ ಪ್ರಸಾದವನ್ನು, ಹೊಸ ಬೆಳೆಯನ್ನು ಬೇಡ ಅನ್ನುವಂಥ ಆಹಾರಕ್ರಮ ನನಗೆ ಬೇಡ.

ಗಾಂಧೀಜಿ ಕೂಡ ಹಸಿ ಆಹಾರದ ಪ್ರಯೋಗ ಮಾಡಿದ್ದರು, 1893ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಒಮ್ಮೆ, 1929ರಲ್ಲಿ ಇನ್ನೊಮ್ಮೆ. ಎರಡೂ ಸಲ ದೇಹಕ್ಕೆ ಒಗ್ಗದೆ ಬಿಟ್ಟರು. ಅವರಂಥ ಹಠದವರೂ ದೇಹದ ಮಾತು ಕೇಳಿದರು ಅನ್ನುವುದು ನನಗೆ ಮುಖ್ಯ. ಗಿಡದ ಆಹಾರದಲ್ಲಿ ಬಿ12 ಸಿಗುವುದಿಲ್ಲ, ನಾನು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವರು, ಬಸುರಿಯರು ವೈದ್ಯರಲ್ಲಿ ಮಾತಾಡದೆ ಇದಕ್ಕೆ ಕೈಹಾಕಬೇಡಿ. ಚಿಕ್ಕ ಮಕ್ಕಳಿಗೆ ಇದನ್ನು ಮಾಡಿಸಲೇಬೇಡಿ.

ಹಸಿ ಅಂದ ಕೂಡಲೇ ಎಲ್ಲವನ್ನೂ ಹಸಿಯಾಗಿ ತಿನ್ನುವ ಹಾಗಿಲ್ಲ. ಕೆಸು, ಸುವರ್ಣಗಡ್ಡೆ ಗಂಟಲು ತುರಿಸುತ್ತದೆ, ಅದರಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಮರಗೆಣಸನ್ನು ಹಸಿಯಾಗಿ ತಿಂದರೆ ಸಯನೈಡ್ ಬಿಡುಗಡೆಯಾಗುತ್ತದೆ. ರಾಜ್ಮಾ ಚೆನ್ನಾಗಿ ಕುದಿಯದಿದ್ದರೆ ವಿಷವೇ, ಮೊಳಕೆ ಬರಿಸಿಯೂ ಹಸಿ ತಿನ್ನಬಾರದು. ಹೆಸರಿನ ಮೊಳಕೆ ಒಳ್ಳೆಯದು, ಆದರೆ ಈ ಮಳೆಯ ತೇವದಲ್ಲಿ ಬೇಗ ಲೋಳೆ ಬರುತ್ತದೆ. ದಿನಕ್ಕೆ ಮೂರು ಸಲ ನೀರು ಬದಲಿಸಿ ತೊಳೆಯುತ್ತೇನೆ, ಸ್ವಲ್ಪ ವಾಸನೆ ಬಂದರೂ ಗೊಬ್ಬರದ ಗುಂಡಿಗೆ. ತೋಟದ ಸೊಪ್ಪನ್ನು ಕುದಿಸಿ ಆರಿಸಿದ ನೀರಲ್ಲೇ ತೊಳೆಯುತ್ತೇನೆ. ಮಳೆಗೆ ಬಾವಿಯ ನೀರು ಕದಡಿರುತ್ತದೆ. ಬೇಯಿಸಿ ತಿನ್ನುವವರಿಗಿಂತ ನಮಗೆ ಈ ಶುದ್ಧಿ ಹೆಚ್ಚು ಬೇಕು, ನಮ್ಮ ಪರವಾಗಿ ರೋಗಾಣುಗಳನ್ನು ಕೊಲ್ಲಲು ಬೆಂಕಿ ಇಲ್ಲವಲ್ಲ.

ಬೇರೆಯವರ ಮನೆಯ ಜೆಂಬರಕ್ಕೆ ಹೋಗುವಾಗ ಹಿಂದಿನ ದಿನ ಫೋನ್ ಮಾಡುತ್ತೇನೆ. "ಅಕ್ಕ, ನನಗೆ ಬೇರೆ ಏನೂ ಮಾಡುದು ಬೇಡ, ಕೋಸಂಬರಿ ಸ್ವಲ್ಪ ಜಾಸ್ತಿ ಇರಲಿ" ಅಂದರೆ ಸಾಕು. ಯಾರೂ ಇಲ್ಲ ಅಂದದ್ದಿಲ್ಲ. ಮನೆಯಿಂದ ಒಂದು ಡಬ್ಬಿ ರಸಾಯನ ಮಾಡಿಕೊಂಡು ಹೋಗುತ್ತೇನೆ, ಪಂಕ್ತಿಗೆಲ್ಲ ಬಡಿಸಲಿ ಅಂತ. ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿದು "ಸಾಕು" ಅನ್ನುತ್ತೇನೆ, ಕಾರಣ ಹೇಳುತ್ತಾ ಕೂರುವುದಿಲ್ಲ. ಊಟದ ಹೊತ್ತಿನಲ್ಲಿ ಆಹಾರದ ಬಗ್ಗೆ ಪಾಠ ಹೇಳಿದರೆ ಉಣ್ಣುವವರಿಗೆ ರುಚಿ ಕೆಡುತ್ತದೆ. ಯಾರಾದರೂ ಆಮೇಲೆ ಜಗಲಿಯಲ್ಲಿ ಕೂತು ಕೇಳಿದರೆ ಎಷ್ಟು ಹೊತ್ತಾದರೂ ಹೇಳುತ್ತೇನೆ.

ತುಳಸಿಪೂಜೆಗೆ ಕಟ್ಟೆಯಲ್ಲಿ ತುಳಸಿಯ ಜೊತೆ ನೆಲ್ಲಿಯ ಕೊಂಬೆ ನೆಡುತ್ತೇವೆ. ಹೊಸ ನೆಲ್ಲಿಕಾಯಿ ಬರುವ ಕಾಲವೂ ಅದೇ. ಆ ದಿನದ ತಂಬುಳಿ ನೆಲ್ಲಿಯದ್ದು. ನಾಲ್ಕು ಬೆಟ್ಟದ ನೆಲ್ಲಿಕಾಯಿಯ ಬೀಜ ತೆಗೆದು, ಅರ್ಧ ಕಡಿ ತೆಂಗಿನಕಾಯಿಯ ತುರಿ, ಕಾಲು ಚಮಚ ಜೀರಿಗೆ, ಒಂದು ಹಸಿಮೆಣಸು, ಉಪ್ಪು ಹಾಕಿ ರುಬ್ಬಿ ತೆಂಗಿನ ಹಾಲಿನಲ್ಲಿ ಕದಡಿ. ನಿಂಬೆ ಬೇಡ, ನೆಲ್ಲಿಯ ಹುಳಿಯೇ ಸಾಕು. ಒಗರು ಜಾಸ್ತಿ ಅನಿಸಿದರೆ ಅರ್ಧ ಚಮಚ ಜೇನು ಸೇರಿಸಿ.